ಲೆಕ್ಕಕ್ಕೆ ಬಾರದ ಹೊಲಿಗೆ: ಕೌದಿ, ಕೊಡುಗೆ ಮತ್ತು ಶ್ರಮದ ಮೌಲ್ಯ

ಮನೆಯಲ್ಲಿ ಕೈಯಾರೆ ಹೊಲಿದು ಬಂಧುಗಳಿಗೂ ನೆರೆಹೊರೆಯವರಿಗೂ ಕೊಡುವ ವಸ್ತುಗಳ ವಿಷಯದಲ್ಲಿ ಸಮಾಜ ಎರಡು ಬಗೆಯಾಗಿ ಮಾತನಾಡುತ್ತದೆ. ಕೊಡುವ ಗಳಿಗೆಯಲ್ಲಿ ಅದು ಬೆಲೆ ಕಟ್ಟಲಾಗದ ವಸ್ತುವೆಂದು ಕೊಂಡಾಡುತ್ತದೆ. ಅದೇ ವಸ್ತು ಸಂತೆಗೆ ಬಂದರೆ ಹಳೆಯ ಅರಿವೆಯ ತುಂಡುಗಳಿಗೆ ಇಷ್ಟೇಕೆ ಎಂದು ಚೌಕಾಶಿಗೆ ನಿಲ್ಲುತ್ತದೆ. ಈ ಎರಡು ಮಾತುಗಳು ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಹೊಲಿದವಳ ದುಡಿಮೆಯನ್ನು ಲೆಕ್ಕದಿಂದ ಹೊರಗಿಡುವುದರಲ್ಲಿ ಎರಡೂ ಒಂದೇ ಕೆಲಸ ಮಾಡುತ್ತವೆ: ಮೊದಲನೆಯದು ಆ ದುಡಿಮೆಯನ್ನು ಪ್ರೀತಿಯೆಂದು ಕರೆದು ಎಣಿಕೆಯಿಂದ ತಪ್ಪಿಸುತ್ತದೆ, ಎರಡನೆಯದು ಅದನ್ನು ಬಿಡುವಿನ ವೇಳೆಯ ಕೆಲಸವೆಂದು ಕರೆದು ಸೊನ್ನೆಗೆ ಇಳಿಸುತ್ತದೆ. ಉತ್ತರ ಕರ್ನಾಟಕದ ಕೌದಿಯನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು, ಕೈಹೊಲಿಗೆಯ ಕೊಡುಗೆಯಲ್ಲಿ ಅಡಗಿರುವ ಶ್ರಮವನ್ನು ಎಣಿಸುವುದರಿಂದ ಆ ಕೊಡುಗೆಯ ಘನತೆ ಕುಗ್ಗುವುದಿಲ್ಲ, ಬದಲಾಗಿ ಎಣಿಸಿದಾಗ ಮಾತ್ರ ಅದು ನಿಜವಾದ ಅರ್ಥದಲ್ಲಿ ಕೊಡುಗೆಯಾಗುತ್ತದೆ ಎಂಬುದನ್ನು ಇಲ್ಲಿ ವಾದಿಸಲಾಗಿದೆ.

ಕೌದಿ ಎಂದರೆ ಉಟ್ಟು ಹಳೆಯದಾದ ಸೀರೆ, ಧೋತರ, ಅಂಗಿ, ಕುಪ್ಪಸಗಳ ಬಟ್ಟೆಯನ್ನು ಪದರ ಪದರವಾಗಿ ಹರವಿ, ಮೇಲ್ಭಾಗದಲ್ಲಿ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲ ಪದರಗಳನ್ನೂ ಒಟ್ಟಿಗೆ ಹಿಡಿಯುವಂತೆ ಕೈಯಿಂದ ಹೊಲಿದ ದಪ್ಪ ಹೊದಿಕೆ. ಅದರ ತಳಕ್ಕೆ ಸಾಮಾನ್ಯವಾಗಿ ಅಗಲವಾದ ಹತ್ತಿ ಸೀರೆಯನ್ನು ಬಳಸುತ್ತಾರೆ, ಏಕೆಂದರೆ ಹಲವು ವರ್ಷ ಒಗೆದು ಮೆತ್ತಗಾದ ಹತ್ತಿ ಬಟ್ಟೆ ಮೈಗೆ ಹಿತವಾಗಿರುತ್ತದೆ, ಬೆವರನ್ನು ಹೀರುತ್ತದೆ ಮತ್ತು ಸೂಜಿಗೆ ಸುಲಭವಾಗಿ ದಾರಿ ಕೊಡುತ್ತದೆ. ಸೂಜಿಯನ್ನು ಬಟ್ಟೆಯ ಮೇಲೆ ಕೆಳಗೆ ಆಡಿಸುತ್ತ ಮುಂದಕ್ಕೆ ಸಾಗುವ ಸರಳ ಹೊಲಿಗೆಯೇ ಇದರ ಆಧಾರ. ಆದರೆ ಆ ಸರಳ ಹೊಲಿಗೆ ಒತ್ತೊತ್ತಾದ ಸಾಲುಗಳಲ್ಲಿ ಇಡೀ ಕೌದಿಯನ್ನು ತುಂಬಬೇಕಾಗುತ್ತದೆ. ಸಾಲುಗಳು ದೂರವಾದರೆ ಒಗೆದಾಗ ಒಳಪದರಗಳು ಸರಿದು ಗಂಟುಗಟ್ಟುತ್ತವೆ, ದಾರವನ್ನು ಹೆಚ್ಚು ಬಿಗಿದರೆ ಬಟ್ಟೆ ಸುಕ್ಕಾಗಿ ಕೌದಿ ಸೊಟ್ಟಗಾಗುತ್ತದೆ. ಯಾವ ತುಂಡು ಎಷ್ಟು ಸವೆದಿದೆ, ಯಾವುದರ ಮೇಲೆ ಯಾವುದನ್ನು ಹಾಕಿದರೆ ಬಾಳಿಕೆ ಬರುತ್ತದೆ, ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ ಒಪ್ಪುತ್ತದೆ ಎಂಬ ನಿರ್ಧಾರಗಳು ಹೊಲಿಗೆಯ ಉದ್ದಕ್ಕೂ ನಡೆಯುತ್ತಲೇ ಇರುತ್ತವೆ. ಆದ್ದರಿಂದ ಕೌದಿಯನ್ನು ಕೇವಲ ಉಳಿತಾಯದ ಉಪಾಯವೆಂದೋ ಹೊತ್ತು ಕಳೆಯುವ ಕೆಲಸವೆಂದೋ ತಿಳಿಯುವುದು ಅದರೊಳಗಿನ ಕೌಶಲವನ್ನು ಗಮನಿಸದೆ ಆಡುವ ಮಾತಾಗುತ್ತದೆ.

ಧಾರವಾಡ, ಬೆಳಗಾವಿ, ಗದಗ, ಬಾಗಲಕೋಟೆ, ವಿಜಯಪುರ ಮುಂತಾದ ಜಿಲ್ಲೆಗಳಲ್ಲಿ ಕೌದಿ ಎರಡು ದಾರಿಗಳಲ್ಲಿ ತಯಾರಾಗುತ್ತ ಬಂದಿದೆ. ಮನೆಯ ಹೆಂಗಸರು ಸುಗ್ಗಿ ಮುಗಿದ ಬೇಸಿಗೆಯ ಮಧ್ಯಾಹ್ನಗಳಲ್ಲಿ ತಮ್ಮ ಮನೆಗಾಗಿ ಹೊಲಿಯುವುದು ಒಂದು ದಾರಿಯಾದರೆ, ಊರಿಂದೂರಿಗೆ ಹೋಗುವ ಅಲೆಮಾರಿ ಸಮುದಾಯಗಳ ಹೆಂಗಸರನ್ನು ಕರೆಸಿ ಕಾಳುಕಡಿ ಇಲ್ಲವೆ ಹಣ ಕೊಟ್ಟು ಹೊಲಿಸುವುದು ಇನ್ನೊಂದು. ಈ ಎರಡನೆಯ ದಾರಿ ಇಲ್ಲಿನ ವಾದಕ್ಕೆ ಬಹಳ ಮುಖ್ಯವಾದುದು, ಏಕೆಂದರೆ ಕೌದಿ ಹೊಲಿಯುವುದು ಕೂಲಿಗೆ ಅರ್ಹವಾದ ಕೆಲಸ ಎಂಬ ತಿಳಿವಳಿಕೆ ಗ್ರಾಮಸಮಾಜದಲ್ಲಿ ಮೊದಲಿನಿಂದಲೂ ಇದ್ದಿತೆಂಬುದನ್ನು ಅದು ತೋರಿಸುತ್ತದೆ. ಹೊರಗಿನವಳು ಹೊಲಿದರೆ ಕೂಲಿ, ಮನೆಯವಳು ಹೊಲಿದರೆ ಮಮತೆ ಎಂಬ ವ್ಯತ್ಯಾಸ ಹುಟ್ಟುವುದು ಹೊಲಿಯುವವಳು ಮನೆಗೆ ಏನಾಗಬೇಕು ಎಂಬುದರಿಂದಲೇ ಹೊರತು ಕೆಲಸದ ಸ್ವರೂಪದಿಂದಲ್ಲ; ಎರಡೂ ಕಡೆ ಸೂಜಿ ಒಂದೇ, ಸಾಲು ಒಂದೇ, ಬೆನ್ನುನೋವೂ ಒಂದೇ.

ಹೊಲಿದ ಕೌದಿ ಮನೆಯೊಳಗೇ ಉಳಿಯುವುದೂ ಉಂಟು, ಆದರೆ ಅದರ ಬಹುಮುಖ್ಯ ಪಯಣ ಕೊಡುಗೆಯಾಗಿ ನಡೆಯುತ್ತದೆ. ಬಾಣಂತನ ಮುಗಿಸಿ ಮಗಳು ಕೂಸಿನೊಂದಿಗೆ ಗಂಡನ ಮನೆಗೆ ಹೊರಟಾಗ ತವರಿನವರು ತೊಟ್ಟಿಲು, ಕುಂಚಿಗೆ, ಕುಲಾವಿಗಳ ಜೊತೆಗೆ ಪುಟ್ಟ ಕೌದಿಯನ್ನೂ ಕಟ್ಟಿ ಕಳಿಸುತ್ತಾರೆ. ಅಜ್ಜಿಯ ಸೀರೆಯ ತಳ, ತಾಯಿಯ ಕುಪ್ಪಸದ ತುಂಡು, ಮಾವನ ಅಂಗಿಯ ಪಟ್ಟಿ ಒಂದೇ ಹೊದಿಕೆಯಲ್ಲಿ ಸೇರುವುದರಿಂದ ಕೂಸಿಗೆ ತನ್ನ ತಾಯಿಯ ಬಳಗದ ಪರಿಚಯ ಮಾತು ಕಲಿಯುವ ಮೊದಲೇ ಆಗುತ್ತದೆ. ಅಂಗಡಿಯ ಹೊದಿಕೆಯನ್ನು ಯಾರು ಯಾರಿಗೆ ಬೇಕಾದರೂ ಕೊಡಬಹುದು, ಆದರೆ ಇಂತಹ ಕೌದಿಯನ್ನು ಇಂಥವರು ಇಂಥವರಿಗೆ ಮಾತ್ರ ಕೊಡಬಲ್ಲರು. ಆ ಹಂಚಿಕೆಯಲ್ಲಿಯೇ ಸಂಬಂಧದ ನಕ್ಷೆಯೊಂದು ಮೂಡುತ್ತದೆ.

ಕೊಡುಗೆಯ ಸ್ವರೂಪವನ್ನು ಆಳವಾಗಿ ವಿಚಾರಿಸಿದವರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ಪ್ರಮುಖನು. 1925ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಅವನು, ಕೊಡುಗೆಯು ನೋಡುವುದಕ್ಕೆ ಸ್ವಇಚ್ಛೆಯ ಕ್ರಿಯೆಯಾಗಿದ್ದರೂ ಅದರ ಹಿಂದೆ ಮೂರು ಕಟ್ಟುಪಾಡುಗಳಿವೆಯೆಂದು ತೋರಿಸಿದನು: ಕೊಡಲೇಬೇಕು, ಕೊಟ್ಟದ್ದನ್ನು ಸ್ವೀಕರಿಸಲೇಬೇಕು, ಸ್ವೀಕರಿಸಿದ್ದಕ್ಕೆ ಮರಳಿ ಕೊಡಲೇಬೇಕು. ಅವನ ವಾದಕ್ಕೆ ಆಧಾರವಾದ ಸಾಮಗ್ರಿಗಳಲ್ಲಿ ಮಾನವಶಾಸ್ತ್ರಜ್ಞ ಮಾಲಿನೋವ್ಸ್ಕಿ 1922ರ ತನ್ನ ಗ್ರಂಥದಲ್ಲಿ ವಿವರಿಸಿದ, ನ್ಯೂಗಿನಿಯ ಪೂರ್ವದ ದ್ವೀಪಗಳಲ್ಲಿ ಚಿಪ್ಪಿನ ಹಾರಗಳು ಒಂದು ದಿಕ್ಕಿಗೂ ಚಿಪ್ಪಿನ ಬಳೆಗಳು ಅದರ ವಿರುದ್ಧ ದಿಕ್ಕಿಗೂ ಕೈಯಿಂದ ಕೈಗೆ ಸುತ್ತುವ ಕುಲಾ ಎಂಬ ವಿನಿಮಯವೂ ಒಂದು. ಮರಳಿ ಪಡೆಯುವ ನಿರೀಕ್ಷೆಯೇ ಇಲ್ಲದ ಶುದ್ಧ ದಾನವೊಂದೇ ಕೊಡುಗೆ ಎಂಬ ಭಾವನೆಯನ್ನು ಮೋಸ್‌ನ ವಿಚಾರ ಅಲುಗಾಡಿಸುತ್ತದೆ. ಮರಳಿ ಕೊಡುವ ಹೊಣೆಯೇ ಇಬ್ಬರನ್ನು ಕಟ್ಟಿಹಾಕುವ ಬಂಧವೆಂದೂ, ಆ ಹೊಣೆಯನ್ನು ಕಿತ್ತುಹಾಕಿದರೆ ಬಂಧವೇ ಸಡಿಲಗೊಳ್ಳುವುದೆಂದೂ ಅದು ಸೂಚಿಸುತ್ತದೆ.

ಕನ್ನಡನಾಡಿನ ಹಳ್ಳಿಗಳಿಗೆ ಈ ತತ್ವವನ್ನು ಹೊರಗಿನವರು ಬಂದು ಕಲಿಸಬೇಕಾದ ಅಗತ್ಯವಿರಲಿಲ್ಲ. ಮದುವೆಯಲ್ಲಿ ನೆಂಟರು, ನೆರೆಯವರು ಕೊಟ್ಟ ಹಣವನ್ನೂ ಬಟ್ಟೆಯನ್ನೂ ಹೆಸರುಸಹಿತ ಬರೆದಿಟ್ಟು, ಕೊಟ್ಟವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಅಷ್ಟನ್ನಾದರೂ, ಸಾಧ್ಯವಾದರೆ ತುಸು ಹೆಚ್ಚಾಗಿಯೂ, ಹಿಂದಿರುಗಿಸುವ ಮುಯ್ಯಿಯ ಪದ್ಧತಿ ಅನೇಕ ಕಡೆ ಇಂದಿಗೂ ನಡೆದಿದೆ. ನಾಟಿ, ಕಳೆ, ಕೊಯ್ಲುಗಳ ಕಾಲದಲ್ಲಿ ಒಂದು ಮನೆಯವರು ಇನ್ನೊಂದು ಮನೆಯ ಹೊಲಕ್ಕೆ ಹೋಗಿ ದುಡಿದು, ಆ ಮನೆಯವರು ಅಷ್ಟೇ ಆಳುದಿನಗಳನ್ನು ತಿರುಗಿ ದುಡಿದುಕೊಡುವ ಮುಯ್ಯಾಳು ಪದ್ಧತಿಯೂ ಇದೇ ನೆಲೆಯದು. ಇವೆರಡರಲ್ಲಿಯೂ ಲೆಕ್ಕ ಕರಾರುವಾಕ್ಕಾಗಿರುತ್ತದೆ. ಯಾರು ಎಷ್ಟು ಕೊಟ್ಟರು, ಯಾರು ಎಷ್ಟು ದಿನ ಬಂದರು ಎಂಬುದನ್ನು ಮರೆಯುವುದು ಅವಮರ್ಯಾದೆಯೆನಿಸುತ್ತದೆ. ಆದರೂ ಇದು ವ್ಯಾಪಾರವಲ್ಲ. ವ್ಯಾಪಾರದಲ್ಲಿ ಹಣ ತೆತ್ತ ಕೂಡಲೇ ಸಂಬಂಧ ಮುಗಿಯುತ್ತದೆ, ಮುಯ್ಯಿಯಲ್ಲಿ ಬಾಕಿ ಉಳಿದಿರುವುದರಿಂದಲೇ ಸಂಬಂಧ ಮುಂದುವರಿಯುತ್ತದೆ. ಲೆಕ್ಕವಿಟ್ಟರೆ ಪ್ರೀತಿ ಕೆಡುತ್ತದೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇಕಿಲ್ಲ, ಏಕೆಂದರೆ ಲೆಕ್ಕವೂ ಮಮತೆಯೂ ಒಂದೇ ಅಂಗಳದಲ್ಲಿ ತಲೆಮಾರುಗಳ ಕಾಲ ಕೂಡಿ ಬಾಳಿವೆ.

ಹೊಲಿಗೆಯ ಲೋಕದಲ್ಲಿಯೇ ಇದಕ್ಕೆ ಹೋಲುವ ಪದ್ಧತಿಗಳು ಬೇರೆ ನಾಡುಗಳಲ್ಲಿ ಬೆಳೆದಿವೆ. ಅಮೆರಿಕದಲ್ಲಿ ತುಂಡುಬಟ್ಟೆಯ ಹೊದಿಕೆಗೆ ಕ್ವಿಲ್ಟ್ ಎನ್ನುತ್ತಾರೆ. ನೆರೆಯ ಹೆಂಗಸರು ಒಂದು ಮನೆಯಲ್ಲಿ ಸೇರಿ ಚೌಕಟ್ಟಿಗೆ ಬಿಗಿದ ಕ್ವಿಲ್ಟಿನ ಸುತ್ತ ಕುಳಿತು ಹೊಲಿದು ಮುಗಿಸುವ ಕೂಟಗಳು ಅಲ್ಲಿ 19ನೆಯ ಶತಮಾನದಲ್ಲಿ ವ್ಯಾಪಕವಾಗಿದ್ದವು, ಮತ್ತು ಇಂದು ನೆರವು ಪಡೆದವಳು ನಾಳೆ ಉಳಿದವರ ಮನೆಗೆ ಸೂಜಿ ಹಿಡಿದು ಹೋಗುತ್ತಿದ್ದಳು. 1840ರ ದಶಕದಲ್ಲಿ ಸ್ನೇಹದ ಕ್ವಿಲ್ಟ್ ಎಂಬ ಬಗೆ ಜನಪ್ರಿಯವಾಯಿತು. ಅದರಲ್ಲಿ ಒಬ್ಬೊಬ್ಬರು ಒಂದೊಂದು ಚೌಕವನ್ನು ಹೊಲಿದು, ಅಳಿಸದ ಶಾಯಿಯಿಂದಲೋ ದಾರದಿಂದಲೋ ತಮ್ಮ ಹೆಸರನ್ನು ಮೂಡಿಸಿ, ಎಲ್ಲವನ್ನೂ ಜೋಡಿಸಿ, ಮದುವಣಗಿತ್ತಿಗೋ ದೂರದ ಪಶ್ಚಿಮಕ್ಕೆ ವಲಸೆ ಹೊರಟ ಕುಟುಂಬಕ್ಕೋ ಕೊಡುತ್ತಿದ್ದರು. ಬಾಲ್ಟಿಮೋರ್ ನಗರದಲ್ಲಿ ಅದೇ ಕಾಲದಲ್ಲಿ ತಯಾರಾದ, ಹೂಮಾಲೆ ಮತ್ತು ಬುಟ್ಟಿಗಳ ಚಿತ್ರವಿರುವ ಆಲ್ಬಮ್ ಕ್ವಿಲ್ಟುಗಳು ಈ ಪರಂಪರೆಯ ಪ್ರಸಿದ್ಧ ಮಾದರಿಗಳು. ಬಂಗಾಳದಲ್ಲಿ ಹಳೆಯ ಸೀರೆಗಳನ್ನು ಪದರವಾಗಿಸಿ ಹೊಲಿಯುವ ಕಾಂಥಾ ಪರಂಪರೆಯಲ್ಲಿಯೂ ಹೆಸರು ಹೊಲಿಯುವ ರೂಢಿಯುಂಟು. ಕೋಲ್ಕತ್ತದ ಗುರುಸದಯ ವಸ್ತುಸಂಗ್ರಹಾಲಯದ ಹೆಸರಾಂತ ಕಾಂಥಾಗಳಲ್ಲೊಂದು 19ನೆಯ ಶತಮಾನದಲ್ಲಿ ಮಾನದಾಸುಂದರಿ ಎಂಬವಳು ತನ್ನ ತಂದೆಗಾಗಿ ಹೊಲಿದದ್ದು, ಮತ್ತು ಆ ಮಾತನ್ನು ಅವಳೇ ಬಟ್ಟೆಯ ಮೇಲೆ ದಾರದಲ್ಲಿ ಬರೆದಿದ್ದಾಳೆ. ಹೆಸರು ಬರೆದುದರಿಂದ ಆ ಕೊಡುಗೆಗಳ ಪ್ರೀತಿಗೆ ಕುಂದು ಬರಲಿಲ್ಲ. ಹೊಲಿದವರು ಯಾರೆಂಬುದು ಮುಂದಿನವರಿಗೆ ತಿಳಿಯುವಂತಾಯಿತು. ಕೌದಿಯ ಮೇಲೆ ಹೆಸರು ಬರೆಯುವ ರೂಢಿ ಬೆಳೆಯದಿದ್ದುದರಿಂದ ಅದನ್ನು ಹೊಲಿದ ಬಹುಪಾಲು ಕೈಗಳು ಒಂದೆರಡು ತಲೆಮಾರುಗಳಲ್ಲಿಯೇ ಮರೆತುಹೋಗುತ್ತವೆ.

ಶ್ರಮ ಮರೆಯಾಗುವುದು ಮನೆಯ ನೆನಪಿನಿಂದ ಮಾತ್ರವಲ್ಲ, ದೇಶದ ಲೆಕ್ಕದಿಂದಲೂ ಆಗುತ್ತದೆ. ಒಂದು ದೇಶದಲ್ಲಿ ಒಟ್ಟು ಎಷ್ಟು ಉತ್ಪಾದನೆಯಾಯಿತು ಎಂಬುದನ್ನು ಅಳೆಯಲು ವಿಶ್ವಸಂಸ್ಥೆಯ ನೇತೃತ್ವದಲ್ಲಿ ರೂಪುಗೊಂಡ ರಾಷ್ಟ್ರೀಯ ಲೆಕ್ಕ ಪದ್ಧತಿಯು, 2008ರ ಪರಿಷ್ಕರಣೆಯಲ್ಲಿಯೂ ಉಳಿಸಿಕೊಂಡ ಒಂದು ಗಡಿಯನ್ನು ಹಾಕಿದೆ. ಮನೆಯವರು ತಮ್ಮ ಬಳಕೆಗಾಗಿ ಅಡುಗೆ ಮಾಡುವುದು, ಮಕ್ಕಳನ್ನು ನೋಡಿಕೊಳ್ಳುವುದು ಮುಂತಾದ ಸೇವೆಗಳು ಆ ಗಡಿಯ ಹೊರಗೆ ಉಳಿಯುತ್ತವೆ, ಆದರೆ ಬಟ್ಟೆ ನೇಯುವುದು, ಉಡುಪು ಹೊಲಿಯುವುದು ಮುಂತಾಗಿ ಸ್ವಂತ ಬಳಕೆಗಾಗಿ ವಸ್ತುಗಳನ್ನು ತಯಾರಿಸುವುದು ತತ್ವಶಃ ಗಡಿಯ ಒಳಗೆ ಬರುತ್ತದೆ. ಈ ನಿಯಮದ ತರ್ಕವನ್ನು ಅನುಸರಿಸಿದರೆ ಮನೆಗಾಗಿ ಹೊಲಿದ ಕೌದಿಯನ್ನೂ ಉತ್ಪಾದನೆಯೆಂದೇ ಎಣಿಸಬೇಕಾಗುತ್ತದೆ. ಆದರೆ ಮಾರಾಟಕ್ಕೆ ಬಾರದ, ರಸೀದಿಯಿಲ್ಲದ, ಒಂದೊಂದು ಮನೆಯಲ್ಲಿ ಚದುರಿಹೋದ ಇಂತಹ ತಯಾರಿಕೆಯನ್ನು ಅಳೆಯುವುದು ಕಷ್ಟವಾದ್ದರಿಂದ ಅದು ಲೆಕ್ಕಿಗರ ಕಣ್ಣಿಗೆ ಬೀಳುವುದು ಅಪರೂಪ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕೆ ಕೊಡುತ್ತಿದ್ದರು. ಕೌದಿಗೆ ಸಿಗುವ ಹೊತ್ತು ಈ ಸುಮಾರು ಐದು ಗಂಟೆಗಳ ದುಡಿಮೆ ಮುಗಿದ ಬಳಿಕ ಉಳಿಯುವ ಹೊತ್ತಾದ್ದರಿಂದ, ಅದನ್ನು ಬಿಡುವಿನ ವೇಳೆಯೆಂದು ಕರೆಯುವ ಮೊದಲು ಎರಡು ಬಾರಿ ಯೋಚಿಸಬೇಕಾಗುತ್ತದೆ.

ಒಂದು ಸರಳ ಲೆಕ್ಕ ಈ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸಬಲ್ಲದು. ಒಬ್ಬಾಕೆ ದಿನಕ್ಕೆ ಎರಡು ಗಂಟೆಯಂತೆ ಒಂದು ತಿಂಗಳು ಕುಳಿತು ಒಂದು ಕೌದಿಯನ್ನು ಮುಗಿಸುತ್ತಾಳೆಂದು ಊಹಿಸಿದರೆ ಒಟ್ಟು 60 ಗಂಟೆಗಳಾಗುತ್ತವೆ; ಎಂಟು ಗಂಟೆಗಳ ದಿನಕ್ಕೆ ಲೆಕ್ಕ ಹಾಕಿದರೆ ಅದು ಏಳೂವರೆ ದಿನಗಳ ದುಡಿಮೆ. ಉದ್ಯೋಗ ಖಾತರಿ ಯೋಜನೆಯಡಿ 2025–26ನೇ ಸಾಲಿಗೆ ಕರ್ನಾಟಕದಲ್ಲಿ ನಿಗದಿಯಾದ 370 ರೂಪಾಯಿಗಳ ದಿನಗೂಲಿಯನ್ನು ಅನ್ವಯಿಸಿದರೆ ಅದರ ಮೌಲ್ಯ 2,775 ರೂಪಾಯಿ. ಇದು ಮಣ್ಣು ಅಗೆಯುವಂತಹ, ವಿಶೇಷ ತರಬೇತಿ ಬೇಡದ ಕೆಲಸಕ್ಕೆ ಕೊಡುವ ಕೂಲಿ; ಬಣ್ಣ ಹೊಂದಿಸುವ ಕಣ್ಣು, ಪದರ ಹಿಡಿಯುವ ಕೈ, ಹಲವು ವರ್ಷಗಳ ಅಭ್ಯಾಸ ಇವುಗಳಿಗೆ ಪ್ರತ್ಯೇಕ ಬೆಲೆ ಇದರಲ್ಲಿ ಸೇರಿಲ್ಲ. ಹರಿಯಾಣದ ಪಾಣಿಪತ್ತಿನ ಗಿರಣಿಗಳಲ್ಲಿ ಯಂತ್ರದ ವೇಗದಲ್ಲಿ ತಯಾರಾಗಿ ಬರುವ ಅಗ್ಗದ ಹೊದಿಕೆಯ ಪಕ್ಕದಲ್ಲಿ ಕೌದಿಯನ್ನು ಇಟ್ಟು ಬೆಲೆ ಹೋಲಿಸುವವರು ಗಮನಿಸದೆ ಬಿಡುವುದು ಈ ಏಳೂವರೆ ದಿನಗಳನ್ನೇ. ಗಿರಣಿಯ ಹೊದಿಕೆ ಅಗ್ಗವಾಗಿದೆ ಎಂಬುದು ನಿಜ, ಆದರೆ ಅದರ ಅಗ್ಗತನವು ಕೌದಿಗೆ ಹಿಡಿಯುವ ಹೊತ್ತನ್ನು ಒಂದು ನಿಮಿಷದಷ್ಟೂ ಕಡಿಮೆ ಮಾಡುವುದಿಲ್ಲ.

ಕೊಡುಗೆಗೂ ಮಾರಾಟಕ್ಕೂ ನಡುವಿನ ಗೆರೆಯನ್ನು ವಿಚಾರಿಸುವುದಕ್ಕೆ ಉತ್ತರ ಕನ್ನಡ ಜಿಲ್ಲೆಯ ಸಿದ್ಧಿ ಸಮುದಾಯದ ಕೌದಿಗಳಷ್ಟು ಉಪಯುಕ್ತವಾದ ಉದಾಹರಣೆ ಕರ್ನಾಟಕದಲ್ಲಿ ಬೇರೊಂದಿಲ್ಲ. ಅರಬ್ ವ್ಯಾಪಾರಿಗಳೂ ಪೋರ್ಚುಗೀಸರೂ ಭಾರತದ ಪಶ್ಚಿಮ ತೀರಕ್ಕೆ ತಂದ ಆಫ್ರಿಕನ್ನರ ವಂಶಸ್ಥರಾದ ಸಿದ್ಧಿಯರು ಯಲ್ಲಾಪುರ, ಹಳಿಯಾಳ, ಮುಂಡಗೋಡ ಮುಂತಾದ ಕಾಡಂಚಿನ ತಾಲ್ಲೂಕುಗಳಲ್ಲಿ ನೆಲೆಸಿದ್ದು, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ, ಮತ್ತು ಮೂರೂ ಧರ್ಮದ ಹೆಂಗಸರು ಕೌದಿ ಹೊಲಿಯುತ್ತಾರೆ. ಕೌದಿಯ ಒಂದು ಮೂಲೆಯಿಂದ ಹೊರಟು, ಅಂಚಿನ ಗುಂಟ ತುಂಡುಗಳನ್ನು ಇಡುತ್ತ ಸುತ್ತು ಸುತ್ತಾಗಿ ಹೊಲಿದು ಕೊನೆಗೆ ನಡುವನ್ನು ತಲುಪುವುದು ಅವರ ವಿಶಿಷ್ಟ ವಿಧಾನ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿದ, ಹೂವೆಂದು ಕರೆಯುವ ತುಣುಕುಗಳನ್ನು ಹೊಲಿದ ಮೇಲೆಯೇ ಕೌದಿ ಮುಗಿದಂತೆ. ಅದಿಲ್ಲದ ಕೌದಿ ಬತ್ತಲೆಯೆಂದು ಅವರು ಭಾವಿಸುತ್ತಾರೆ. ಆ ಹೂವು ಚಳಿಯನ್ನು ತಡೆಯುವುದಿಲ್ಲ, ಬಾಳಿಕೆಯನ್ನು ಹೆಚ್ಚಿಸುವುದಿಲ್ಲ. ಬಡತನದ ನಡುವೆಯೂ ಕೇವಲ ಅಗತ್ಯಕ್ಕೆ ನಿಲ್ಲದೆ ಅಂದಕ್ಕಾಗಿ ಹೊತ್ತನ್ನು ಎತ್ತಿಡುವ ನಿರ್ಧಾರ ಅಲ್ಲಿದೆ, ಮತ್ತು ಅದು ಹೊಲಿಯುವವಳು ತನ್ನ ಕೆಲಸಕ್ಕೆ ತಾನೇ ಇಟ್ಟುಕೊಂಡ ಅಳತೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಸಿದ್ಧಿಯರ ಕೌದಿಗಳನ್ನು ಅಧ್ಯಯನ ಮಾಡಿದ್ದರ ಜೊತೆಗೆ, 2004ರಲ್ಲಿ ಸಿದ್ಧಿ ಹೆಂಗಸರ ಕೌದಿ ಸಹಕಾರಿಯೊಂದು ರೂಪುಗೊಳ್ಳುವುದಕ್ಕೂ ನೆರವಾದರು. 2011ರಲ್ಲಿ ನ್ಯೂಯಾರ್ಕ್ ನಗರದ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಮನೆಯ ಕೂಸಿಗೆಂದು ಹೊಲಿಯುತ್ತಿದ್ದ ಕೈಗಳು ಕೊಳ್ಳುವವರಿಗೆಂದೂ ಹೊಲಿದಾಗ, ಅದೇ ಕೆಲಸಕ್ಕೆ ಹಣ ಬಂದಿತು. ಇದರಿಂದ ಕೊಡುಗೆಯ ಪರಂಪರೆ ಮಲಿನವಾಯಿತೆಂದು ಹೇಳುವುದಕ್ಕೆ ಆಧಾರವಿಲ್ಲ. ಮಾರಾಟದ ಕೌದಿಗೆ ಬೆಲೆ ಬಂದಾಗ ಮನೆಯಲ್ಲಿ ಕೊಟ್ಟ ಕೌದಿಯೊಳಗೆ ಎಷ್ಟು ದುಡಿಮೆಯಿದೆ ಎಂಬುದು ಮನೆಯವರಿಗೂ ಮೊದಲ ಬಾರಿಗೆ ಅಂಕಿಯಲ್ಲಿ ಕಾಣುವ ಅವಕಾಶ ಒದಗುತ್ತದೆ.

ಮಾರುಕಟ್ಟೆ ತಾನಾಗಿಯೇ ನ್ಯಾಯ ಒದಗಿಸುತ್ತದೆ ಎಂಬ ಅರ್ಥ ಇದಕ್ಕಿಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಊರಿನಲ್ಲಿ, ತೋಟದ ಗುಲಾಮರ ವಂಶಸ್ಥರಾದ ಕಪ್ಪು ಹೆಂಗಸರು ಹೊಲದ ಕೆಲಸದ ಉಡುಪುಗಳು ಹರಿದ ಬಳಿಕ ಅವುಗಳಿಂದ ಮನೆಮಂದಿಯನ್ನು ಬೆಚ್ಚಗಿಡಲು ಕ್ವಿಲ್ಟುಗಳನ್ನು ಹೊಲಿಯುತ್ತಿದ್ದರು. ಆ ಸುತ್ತಿನ ಹೆಂಗಸರು 1966ರಲ್ಲಿ ಸಹಕಾರಿ ಸಂಘವೊಂದನ್ನು ಕಟ್ಟಿಕೊಂಡು ಹಣ ಗಳಿಸಲಾರಂಭಿಸಿದರು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ವಸ್ತುಸಂಗ್ರಹಾಲಯದಲ್ಲಿ ಗೀಸ್ ಬೆಂಡಿನ ಕ್ವಿಲ್ಟುಗಳ ಪ್ರದರ್ಶನ ನಡೆದು ಅವು ಆಧುನಿಕ ಕಲೆಯೆಂದು ಹೊಗಳಿಸಿಕೊಂಡವು, 2006ರಲ್ಲಿ ಅಂಚೆಚೀಟಿಗಳ ಮೇಲೆಯೂ ಬಂದವು. ಮರುವರ್ಷವೇ ಕೆಲವು ಹೊಲಿಗೆಗಾರ್ತಿಯರು ತಮ್ಮ ಕೃತಿಗಳಿಂದ ಬಂದ ಆದಾಯದಲ್ಲಿ ತಮಗೆ ಸಲ್ಲಬೇಕಾದುದು ಸಂದಿಲ್ಲವೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಮತ್ತು ಆ ವ್ಯಾಜ್ಯಗಳು 2008ರಲ್ಲಿ ಕೊನೆಗೊಂಡವು. ಕಲೆಯೆಂಬ ಹೊಗಳಿಕೆಯೂ ಪ್ರೀತಿಯೆಂಬ ಹೊಗಳಿಕೆಯಂತೆಯೇ ಲೆಕ್ಕದ ಪ್ರಶ್ನೆಯನ್ನು ತಾನಾಗಿ ಬಗೆಹರಿಸುವುದಿಲ್ಲ ಎಂಬ ಪಾಠ ಇದರಲ್ಲಿದೆ.

ಇಷ್ಟನ್ನು ಒಪ್ಪಿದವರೂ ಎತ್ತಬಹುದಾದ ಗಂಭೀರ ಆಕ್ಷೇಪವೊಂದಿದೆ. ಎಲ್ಲವನ್ನೂ ಗಂಟೆಗಳಲ್ಲಿ, ರೂಪಾಯಿಗಳಲ್ಲಿ ಅಳೆಯುವ ಕಾಲದಲ್ಲಿ ಅಳತೆಗೆ ಸಿಗದ ಒಂದಿಷ್ಟು ಜಾಗವಾದರೂ ಉಳಿಯಬೇಡವೇ, ಅಜ್ಜಿ ಮೊಮ್ಮಗುವಿಗೆ ಹೊಲಿದ ಕೌದಿಯನ್ನೂ ಕೂಲಿಯ ಲೆಕ್ಕಕ್ಕೆ ಎಳೆದರೆ ಮನುಷ್ಯರ ನಡುವೆ ಉಳಿಯುವುದೇನು ಎಂದು ಅವರು ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ಆದರೆ ಅಳೆಯುವುದೂ ಮಾರುವುದೂ ಒಂದೇ ಎಂಬ ತಪ್ಪು ಗ್ರಹಿಕೆ ಇದರ ಬುಡದಲ್ಲಿದೆ. ಅಜ್ಜಿಗೆ ಕೂಲಿ ಕೊಡಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಅವಳು ಕೊಟ್ಟದ್ದು ಎಷ್ಟೆಂಬುದನ್ನು ಪಡೆದವರು ತಿಳಿದಿರಬೇಕೆಂಬುದಷ್ಟೇ ವಾದ. ಕೊಡುಗೆಯ ಅಳತೆ ತಿಳಿಯದವರಿಗೆ ಅದನ್ನು ಹಿಂದಿರುಗಿಸುವ ಹೊಣೆಯ ಅರಿವೂ ಆಗುವುದಿಲ್ಲ, ಮತ್ತು ಹೊಣೆಯ ಅರಿವಿಲ್ಲದ ಕಡೆ ಕೊಡುಗೆಯು ಒಂದೇ ದಿಕ್ಕಿನಲ್ಲಿ, ಅಂದರೆ ಹೆಂಗಸರ ಕೈಯಿಂದ ಮನೆಯ ಕಡೆಗೆ ಮಾತ್ರ, ಹರಿಯುತ್ತ ಹೋಗುತ್ತದೆ. ಎರಡು ದಿಕ್ಕಿಗೂ ಹರಿಯದ ವಿನಿಮಯವನ್ನು ಮೋಸ್‌ನ ಅರ್ಥದಲ್ಲಾಗಲಿ ಮುಯ್ಯಿಯ ಅರ್ಥದಲ್ಲಾಗಲಿ ಕೊಡುಗೆಯೆನ್ನಲಾಗದು.

ಇದರ ಜೊತೆಗೆ ಆಯ್ಕೆಯ ಪ್ರಶ್ನೆಯೂ ಇದೆ. ಹೊಲಿಯಲೇಬೇಕೆಂಬ ಒತ್ತಾಯದಿಂದ ಹೊಲಿದದ್ದು ಕರ್ತವ್ಯವಾಗಬಹುದು, ಭಾರವೂ ಆಗಬಹುದು. ಹೊಲಿಯದಿರುವ ಸ್ವಾತಂತ್ರ್ಯವಿರುವವಳು ಹೊಲಿದಾಗ ಮಾತ್ರ ಅದರಲ್ಲಿ ಕೊಡುವ ಸಂತೋಷ ಪೂರ್ಣವಾಗಿರುತ್ತದೆ. ಹಾಗಾಗಿ ಕೌದಿಯ ಪರಂಪರೆ ಅಳಿಯುತ್ತಿದೆ ಎಂದು ಮರುಗುವವರು ಹೊಸ ತಲೆಮಾರಿನ ಹೆಣ್ಣುಮಕ್ಕಳನ್ನು ದೂರುವ ಬದಲು ಅದರ ಅಳಿವಿಗೆ ನಿಜವಾದ ಕಾರಣಗಳನ್ನು ಹುಡುಕುವುದು ಲೇಸು. ಹತ್ತಿ ಸೀರೆಗಳ ಜಾಗಕ್ಕೆ ಬಂದ ಪಾಲಿಯೆಸ್ಟರ್ ಸೀರೆಗಳು ಬೆವರು ಹೀರುವುದಿಲ್ಲ, ಪದರಗಳಾಗಿ ಹರವಿದರೆ ಜಾರುತ್ತವೆ; ಹೆಂಗಸರ ದಿನವು ಸಂಬಳದ ಕೆಲಸ ಮತ್ತು ಮನೆಗೆಲಸ ಎರಡರ ನಡುವೆ ಹಂಚಿಹೋಗಿದೆ; ಸೂಜಿ ಹಿಡಿಯುವುದು ಹೆಣ್ಣಿನ ಕೆಲಸವೆಂಬ ನಂಬಿಕೆ ಮಾತ್ರ ಹಾಗೆಯೇ ಉಳಿದಿದೆ. ಗಂಡುಮಕ್ಕಳಿಗೂ ಶಾಲೆಯಲ್ಲಿ, ಮನೆಯಲ್ಲಿ ಹೊಲಿಗೆ ಕಲಿಸಿ, ಮನೆಗೆಲಸದ ಪಾಲನ್ನು ಹಂಚಿಕೊಳ್ಳುವಂತೆ ಮಾಡದೆ ಪರಂಪರೆಯ ಉಳಿವಿನ ಬಗ್ಗೆ ಭಾಷಣ ಮಾಡುವುದರಿಂದ ಪ್ರಯೋಜನವಿಲ್ಲ.

ಈ ವಿಚಾರಸರಣಿಯಿಂದ ಹೊರಡುವ ಆಚರಣೆಯ ಸೂತ್ರಗಳು ಕಠಿಣವಾದವಲ್ಲ. ಕೌದಿಯ ಒಂದು ಮೂಲೆಯಲ್ಲಿ ಹೊಲಿದವಳ ಹೆಸರು ಮತ್ತು ವರ್ಷವನ್ನು ದಾರದಲ್ಲಿ ಮೂಡಿಸುವ ರೂಢಿಯನ್ನು ಮನೆಗಳು ಆರಂಭಿಸಬಹುದು. ಅದರಲ್ಲಿ ಯಾರ ಯಾರ ಬಟ್ಟೆಗಳು ಸೇರಿವೆ ಎಂಬುದನ್ನು ಬರೆದಿಡಬಹುದು. ಪಡೆದವರು ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ ಬಳಸಿ, ಹರಿದಾಗ ತಾವೇ ತೇಪೆ ಹಾಕಿ, ಸ್ವತಃ ಹೊಲಿಯಲು ಬಾರದಿದ್ದರೆ ತಮಗೆ ಬಲ್ಲ ಬೇರೆ ಕೆಲಸದಿಂದ, ಹೊತ್ತಿಗೆ ಹೊತ್ತನ್ನೇ ಮರಳಿ ಕೊಡಬಹುದು. ಹೊರಗಿನವರಿಂದ ಹೊಲಿಸಿಕೊಳ್ಳುವವರು ಬಟ್ಟೆ ಹಳೆಯದೆಂಬ ನೆಪ ಹೇಳದೆ ಗಂಟೆಗಳನ್ನು ಲೆಕ್ಕ ಹಾಕಿ ಕೂಲಿ ಕೊಡಬೇಕು. ಇವುಗಳಲ್ಲಿ ಯಾವುದೂ ಪ್ರೀತಿಯ ವಿರುದ್ಧ ಹೋಗುವುದಿಲ್ಲ. ತಾನು ಕೊಡುತ್ತಿರುವುದು ತನ್ನ ಆಯುಷ್ಯದ ಏಳೂವರೆ ದಿನಗಳೆಂದು ಬಲ್ಲವಳು ಅದನ್ನು ಬೇಕೆಂದೇ ಕೊಟ್ಟಾಗ, ಪಡೆದವರೂ ಅದನ್ನು ಅಷ್ಟೆಂದು ಬಲ್ಲವರಾಗಿ ಸ್ವೀಕರಿಸಿದಾಗ, ಔದಾರ್ಯವೆಂಬ ಮಾತಿಗೆ ಪೂರ್ಣ ಅರ್ಥ ಬರುತ್ತದೆ. ಬೆಲೆ ಕಟ್ಟಲಾಗದ್ದು ಎಂದು ಹೊಗಳಿ ಸುಮ್ಮನಾಗುವುದಕ್ಕಿಂತ, ಬೆಲೆ ಎಷ್ಟೆಂದು ತಿಳಿದೂ ಅದನ್ನು ಮಾರದೆ ಕೊಟ್ಟವಳಿಗೆ ಋಣಿಯಾಗಿರುವುದು ಹೆಚ್ಚಿನ ಗೌರವ.